ಶ್ಯಾಮಲ ಕೊಟ್ಟ ಟೈರು ಜಾರಲ್ಲ

"ಈ ಟೈರ್‌ನ ನಾನ್ ಹಾಕಲ್ಲ! ಎತ್ಕೊಂಡ್ ಹೋಗಿ!"

ಶ್ಯಾಮಲ ಕೈಯಲ್ಲಿದ್ದ ಕಬ್ಬಿಣದ ಸಲಾಕೆಯನ್ನು ನೆಲಕ್ಕೆ ಬಿಸಾಡಿದಳು. ಆ ಸದ್ದಿಗೆ ಎದುರಿನ ಟೀ ಅಂಗಡಿಯಲ್ಲಿ ಕೂತಿದ್ದ ಲಾರಿ ಡ್ರೈವರುಗಳೆಲ್ಲ ಒಮ್ಮೆಗೇ ಇತ್ತ ತಿರುಗಿದರು.

ಅವಳೆದುರು ನಿಂತಿದ್ದವನು ಎತ್ತರದ ಯುವಕ. ಹೊಸೂರಿನ ಯಾವುದೋ ಫ್ಯಾಕ್ಟರಿಯ ನೀಲಿ ಅಂಗಿ ತೊಟ್ಟಿದ್ದ. ಅವನ ಹಿಂದೆ ಒಂದು ಕೆಂಪು ಫಿಯೆಟ್ ಕಾರು ನಿಂತಲ್ಲೇ ಗುರುಗುಟ್ಟುತ್ತಿತ್ತು.

"ಯಾಕ್ರೀ ಹಾಕಲ್ಲ? ಮದ್ರಾಸಿಂದ ಹೊತ್ಕೊಂಡ್ ಬಂದಿದೀನಿ! ರೇಸ್‌ನಲ್ಲಿ ಓಡಿರೋ ಟೈರು ಇವು!"

"ಅದ್ಕೇ ಹಾಕಲ್ಲ! ರೇಸ್ ಟೈರು ಬಿಸಿ ಆದ್ರೇನೇ ರಸ್ತೆ ಹಿಡಿಯೋದು. ಬೆಳಗಿನ ಚಳೀಲಿ ಡ್ಯೂಟಿಗ್ ಹೊರಟ್ರೆ, ಅದು ಬಿಸಿ ಆಗೋದ್ರೊಳಗೆ ನೀವು ತಣ್ಣಗಾಗಿರ್ತೀರಾ!"

ಟೀ ಅಂಗಡಿ ಗೊಳ್ಳೆಂದು ನಕ್ಕಿತು. ಯುವಕನ ಮುಖ ಕೆಂಪಾಯಿತು.

"ಯಜಮಾನ್ರನ್ನ ಕರೀರಿ. ಹೆಂಗಸ್ರ ಹತ್ರ ಟೈರ್ ಮಾತಾಡೋಕೆ ನಾನ್ ಬಂದಿಲ್ಲ."

ಅದೊಂದು ಮಾತು ಅವನು ಆಡಬಾರದಿತ್ತು!

ಎರಡು ವರ್ಷದಿಂದ ಅದೇ ಮಾತು ಕೇಳಿ ಕೇಳಿ ಶ್ಯಾಮಲಳಿಗೆ ಸಾಕಾಗಿತ್ತು. ಅಪ್ಪ ಮುತ್ತರಾಯಪ್ಪನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿ ಕುರ್ಚಿ ಹಿಡಿದಾಗ, ಹೆದ್ದಾರಿ ಪಕ್ಕದ ಈ ಟೈರ್ ಅಂಗಡಿ ಮುಚ್ಚಿಹೋಯಿತು ಅಂತಲೇ ಸೂಳಗಿರಿಯ ಜನ ತೀರ್ಮಾನಿಸಿದ್ದರು. ಇಪ್ಪತ್ತರ ಹುಡುಗಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಲಾರಿ ಚಕ್ರ ಬಿಚ್ಚಲು ಕೂತಾಗ ನಕ್ಕಿದ್ದರು. ಆಮೇಲೆ ಒಬ್ಬೊಬ್ಬರಾಗಿ ಬಂದರು. ಈಗ ಕೃಷ್ಣಗಿರಿಯಿಂದ ಹೊಸೂರಿನವರೆಗೆ ಡ್ರೈವರುಗಳ ಬಾಯಲ್ಲಿ ಒಂದು ಮಾತಿತ್ತು: ಶ್ಯಾಮಲ ಕೊಟ್ಟ ಟೈರು ಜಾರಲ್ಲ.

ಅವಳಿಗಿದ್ದ ಆಸ್ತಿ ಅದೊಂದೇ ಮಾತು.

"ಯಜಮಾನಿ ಅವ್ಳೇ ಕಣಪ್ಪಾ," ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದ ಮುತ್ತರಾಯಪ್ಪ ಹೇಳಿದ. "ಅವ್ಳು ಬ್ಯಾಡ ಅಂದ್ರೆ ಬ್ಯಾಡ."

ಶ್ಯಾಮಲ ಅಷ್ಟಕ್ಕೇ ಬಿಡಲಿಲ್ಲ. ಯುವಕನ ಕೈ ಹಿಡಿದೆಳೆದು, ಅವನ ಹೆಬ್ಬೆರಳ ಉಗುರನ್ನು ರೇಸ್ ಟೈರಿಗೆ ಒತ್ತಿದಳು.

"ಇಳೀತಾ? ಇಲ್ಲ! ಹಳೇದಾಗಿ ಕಲ್ಲಾಗಿದೆ. ಈಗ ಇದನ್ನ ಒತ್ತಿ..." ಅಂಗಡಿಯ ಹೊಸ ಟೈರಿಗೆ ಅದೇ ಉಗುರು ಒತ್ತಿಸಿದಳು. ಸಣ್ಣ ಗೆರೆ ಮೂಡಿ, ನಿಧಾನವಾಗಿ ಮಾಯವಾಯಿತು. "ರಸ್ತೆ ಹಿಡಿಯೋದು ಮದ್ರಾಸಿನ ಹೆಸ್ರಲ್ಲ, ರಬ್ಬರು!"

ಆಮೇಲಷ್ಟೇ ಗೊತ್ತಾಯಿತು ಅವಳಿಗೆ, ಇನ್ನೂ ಅವನ ಕೈ ಹಿಡಿದೇ ನಿಂತಿದ್ದೇನೆ ಅಂತ! ಬೆಂಕಿ ಮುಟ್ಟಿದವಳ ಹಾಗೆ ಬಿಟ್ಟಳು.

ಯುವಕ ತನ್ನ ಹೆಬ್ಬೆರಳನ್ನೇ ನೋಡಿಕೊಂಡ. ಕೋಪ ಇಳಿದಿರಲಿಲ್ಲ. ಆದರೆ ದನಿ ಇಳಿದಿತ್ತು.

"ನನ್ ಹೆಸ್ರು ಕದಿರಪ್ಪ. ಹಂಗಾದ್ರೆ... ನೀವೇ ಆರ್ಸಿ ಕೊಡಿ."

* * *

ಟೈರ್ ಆರಿಸುವುದಕ್ಕೆ ಮೂರು ವಾರ ಹಿಡಿಯಿತು. ಆ ಮೂರು ವಾರವೂ ಜಗಳ!

ಕದಿರಪ್ಪ ಸೂಳಗಿರಿಯಾಚೆಯ ಒಂದು ಹಳ್ಳಿಯವನು. ಮನೆಯಲ್ಲಿ ತಾಯಿ ಪಾಪಮ್ಮ, ನಾಲ್ಕೆಕರೆ ರಾಗಿ ಹೊಲ. ಹೊಸೂರಿನ ಫ್ಯಾಕ್ಟರಿಯಲ್ಲಿ ಫಿಟ್ಟರ್ ಕೆಲಸ. ಗುಜರಿಗೆ ಹೋಗಬೇಕಿದ್ದ ಕಾರನ್ನು ತಂದು, ಮೂರು ವರ್ಷ ಇಂಜಿನ್ ಬಿಚ್ಚಿ ಕಟ್ಟಿ, ಎರಡು ಕಾರ್ಬುರೇಟರ್ ಕೂರಿಸಿ, ಹೆದ್ದಾರಿಯಲ್ಲಿ ಯಾರ ಕಾರೂ ಅದರ ಸಮ ಬಾರದಂತೆ ಮಾಡಿದ್ದ. 1983ರ ಆ ವರ್ಷ, ದಸರಾ ಮುಗಿದ ಮೇಲಿನ ಭಾನುವಾರ, ಅಂಚೆಟ್ಟಿಯ ಬೆಟ್ಟದ ರಸ್ತೆಯಲ್ಲಿ ಬೆಂಗಳೂರಿನವರು ಕಾರ್ ಓಟ ಇಟ್ಟಿದ್ದರು. ಅಲ್ಲಿ ಓಡಿಸಬೇಕೆಂಬುದು ಅವನ ಆಸೆ. ಮರುದಿನ ಅದೇ ಕಾರಿನಲ್ಲಿ ಡ್ಯೂಟಿಗೂ ಹೋಗಬೇಕಿತ್ತು.

"ಅಗಲವಾದ್ದು ಕೊಡಿ. ಅಗಲ ಇದ್ದಷ್ಟೂ ಹಿಡಿತ."

"ರಿಮ್ ಅಗಲ ನೋಡಿದೀರಾ? ಸಣ್ಣ ರಿಮ್ಮಿಗೆ ದೊಡ್ ಟೈರ್ ಹಾಕಿದ್ರೆ ತಿರುವಲ್ಲಿ ವಾಲ್ತದೆ. ಮಡ್‌ಗಾರ್ಡ್‌ಗೂ ಉಜ್ತದೆ!"

"ಸರಿ, ಹಿಂದಿನ್ ಎರಡಕ್ಕೆ ರೇಡಿಯಲ್ ಹಾಕಿ. ಮುಂದಕ್ಕೆ ಹಳೇವೇ ಇರ್ಲಿ."

"ನಾಕಕ್ಕೂ ಒಂದೇ ಜಾತಿ! ಎರಡು ಒಂದ್ ತರ ತಿರುಗಿ, ಎರಡು ಇನ್ನೊಂದ್ ತರ ತಿರುಗಿದ್ರೆ ಕಾರು ಯಾರ್ ಮಾತು ಕೇಳ್ಬೇಕು?"

"ನಿಮ್ ಮಾತು!" ಅಂದುಬಿಟ್ಟ ಕದಿರಪ್ಪ.

ಶ್ಯಾಮಲ ಮುಖ ತಿರುಗಿಸಿಕೊಂಡು ಮಡ್‌ಗಾರ್ಡಿನ ಸಂದಿಯನ್ನು ಬೆರಳಲ್ಲಿ ಅಳೆಯತೊಡಗಿದಳು. ಅಳತೆ ಮೂರು ಸಲ ತಪ್ಪಿತು.

ಕೊನೆಗೆ ಬೆಂಗಳೂರಿಂದ ನಾಲ್ಕು ರೇಡಿಯಲ್ ಟೈರು ತರಿಸಿದಳು. ಮೆತ್ತನೆಯ ರಬ್ಬರು, ಮಳೆ ನೀರು ಹೊರಹೋಗಲು ಆಳವಾದ ಗೆರೆಗಳು. ಬೇಗ ಸವೆಯುತ್ತವೆ, ಆದರೆ ರಸ್ತೆ ಬಿಡುವುದಿಲ್ಲ.

"ಕೇಳಿಸ್ಕೊಳ್ಳಿ. ಹೊಸ ಟೈರ್ ಮೇಲೆ ಫ್ಯಾಕ್ಟರಿ ಅಚ್ಚಿನ ಜಿಡ್ಡಿರ್ತದೆ. ಮುನ್ನೂರು ಕಿಲೋಮೀಟರ್ ಮೆತ್ತಗೆ ಓಡ್ಸಿ, ಅದು ಸವೀಲಿ. ರೇಡಿಯಲ್ ಹೊಟ್ಟೆ ಉಬ್ಕೊಂಡಂಗ್ ಕಾಣ್ತದೆ, ಗಾಳಿ ಕಮ್ಮಿ ಅಂತ ತುಂಬಿಸ್ಬ್ಯಾಡಿ. ನಾನ್ ಹೇಳ್ದಷ್ಟೇ ಇರ್ಬೇಕು."

ಅವನು ಅಕ್ಷರಶಃ ಪಾಲಿಸಿದ! ಹೆದ್ದಾರಿಯಲ್ಲೇ ಜೋರಾದ ಕಾರು ಎತ್ತಿನ ಗಾಡಿಗಳ ಹಿಂದೆ ತೆವಳತೊಡಗಿತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅಂಗಡಿ ಮುಂದೆ ಹಾದುಹೋಗುತ್ತಿತ್ತು. ಒಂದು ಸಂಜೆ ನಿಲ್ಲಿಸಿ, ಹುರಿದ ಕಡಲೆಕಾಯಿಯ ಪೊಟ್ಟಣ ಅವಳ ಮೇಜಿನ ಮೇಲಿಟ್ಟ.

"ಇನ್ನೂರ ಎಂಭತ್ತಾಯ್ತು."

"ಇನ್ನೂ ಇಪ್ಪತ್ತಿದೆ. ಹೊರಡಿ."

ಅವನು ಹೊರಟ. 'ಥೂ, ಹೊರಡಿ ಅಂತ ಯಾಕಂದೆ?' ಅಂತ ತನ್ನ ಮೇಲೇ ಸಿಟ್ಟು ಮಾಡಿಕೊಂಡು ಶ್ಯಾಮಲ ಕಡಲೆಕಾಯಿಯನ್ನೆಲ್ಲ ಒಬ್ಬಳೇ ತಿಂದಳು. ಇಷ್ಟಕ್ಕೆಲ್ಲ ಪ್ರೀತಿ ಹುಟ್ಟುತ್ತದಾ ಅಂತ ಕೇಳಬೇಡಿ. ಹುಟ್ಟಿತ್ತು.

* * *

ಆಯುಧಪೂಜೆ ದಿನ ಅಂಗಡಿ ಮುಂದೆ ಲಾರಿಗಳ ಸಾಲು. ಬಾಳೆಕಂದು, ಚೆಂಡುಹೂವು, ಒಡೆಯಲು ಬೂದುಗುಂಬಳ. ಸಾಲಿನ ತುದಿಗೆ ಕೆಂಪು ಫಿಯೆಟ್.

ಅಂಗಡಿಗೆ ಅಂಟಿದ ಮನೆಯ ಅಡುಗೆಮನೆಯಲ್ಲಿ ಆರತಿ ತಟ್ಟೆ ಜೋಡಿಸುತ್ತಿದ್ದ ಶ್ಯಾಮಲ ಕಿಟಕಿಯಿಂದ ನೋಡಿದಳು. ಅವಳ ಕಣ್ಣು ತುಂಬಿಬಂತು. ಅಪ್ಪ ಕುರ್ಚಿಯಿಂದ ಎದ್ದಿದ್ದ! ಗೋಡೆ ಹಿಡಿದು, ಕಾರು ಹಿಡಿದು, ಕದಿರಪ್ಪನ ಪಕ್ಕ ನಿಂತು ಎಡಗೈಯಲ್ಲಿ ಏನೋ ಕೆಲಸ ಮಾಡುತ್ತಿದ್ದ. ಎರಡು ವರ್ಷದಲ್ಲಿ ಮೊದಲ ಸಲ ಅಪ್ಪನ ಮುಖದಲ್ಲಿ ನಗು ಕಂಡಳು. ಆ ಕೈಯಲ್ಲೇನಿದೆ ಅಂತ ಅವಳು ನೋಡಲಿಲ್ಲ.

ಪೂಜೆಯಾಯಿತು. ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟಳು. ಗಿಳಿಹಸಿರು ಸೀರೆಯ ಅವಳನ್ನೇ ನೋಡುತ್ತಾ ಕದಿರಪ್ಪ ಎರಡು ಸಲ ಗೇರ್ ತಪ್ಪಿಸಿದ.

"ಸಂಜೆ ಬತ್ತೀನಿ," ಕಾರಿನ ಕಿಟಕಿಯಿಂದ ಮೆಲ್ಲಗೆ ಹೇಳಿದ. "ಒಂದ್ ಮಾತು ಹೇಳೋದಿದೆ."

ನಿಂಬೆಹಣ್ಣು ಚಪ್ಪಟೆಯಾದವು. ಸಣ್ಣಗೆ ಮಳೆ ಹನಿಯತೊಡಗಿತ್ತು. ಕಾರು ಹೋಯಿತು.

ಐದು ನಿಮಿಷವೂ ಆಗಿರಲಿಲ್ಲ, ಲಾರಿ ಡ್ರೈವರ್ ಚಿನ್ನಸ್ವಾಮಿ ಓಡಿಬಂದ.

"ಅಮ್ಮಾ ಶ್ಯಾಮಲಾ! ಕೆರೆ ತಿರುವಲ್ಲಿ ಕದಿರನ ಕಾರು ಹೊಲಕ್ ಬಿದ್ಬುಡ್ತು!"

ಅವಳು ಓಡಿದಳು. ಸೀರೆ ಕಾಲಿಗೆ ತೊಡರಿ ಒಮ್ಮೆ ಬಿದ್ದು, ಎದ್ದು ಓಡಿದಳು. 'ಮುನೇಶ್ವರಾ, ಜೀವ ಒಂದು ಉಳಿಸು...'

ಕಾರಿನ ಮಡ್‌ಗಾರ್ಡ್ ಬದುವಿನ ಕಲ್ಲಿಗೆ ಬಡಿದು ನುಜ್ಜುಗುಜ್ಜಾಗಿತ್ತು. ಕದಿರಪ್ಪ ಊದಿದ ಮಣಿಕಟ್ಟು ಹಿಡಿದು ಬದುವಿನ ಮೇಲೆ ಕೂತಿದ್ದ. ಸುತ್ತ ಜನ. ಅವಳನ್ನು ಕಂಡದ್ದೇ ತಡ, ಸಿಡಿದೆದ್ದ.

"ಎಂಥಾ ಟೈರ್ ಕೊಟ್ಟೆ ನೀನು? ನಲವತ್ತೂ ದಾಟಿರ್ಲಿಲ್ಲ ನಾನು! ಸೋಪಿನ್ ಮೇಲ್ ಹೋದಂಗ್ ಜಾರ್ಕೊಂಡ್ ಹೋಯ್ತು! ಮೂರ್ ವರ್ಷ ಕಟ್ಟಿದ್ ಕಾರು, ಒಂದ್ ಕ್ಷಣಕ್ ಹೋಯ್ತು!"

ಜೀವಂತ ಇದ್ದಾನೆ ಅಂತ ಗೊತ್ತಾದ ಸಮಾಧಾನ ಅವಳಿಗೆ ಅರೆಗಳಿಗೆಯೂ ಉಳಿಯಲಿಲ್ಲ. ಎಲ್ಲರ ಮುಂದೆ! ಇಷ್ಟೂ ಡ್ರೈವರುಗಳ ಮುಂದೆ!

"ನನ್ ಟೈರ್ ಜಾರಲ್ಲ! ಗಾಳಿ ತುಂಬ್ಸಿರ್ತೀಯಾ! ಮೆತ್ತಗೆ ಓಡ್ಸು ಅಂದ್ರೆ ನನ್ ಕಣ್ ತಪ್ಸಿ ಹಾರ್ಸಿರ್ತೀಯಾ! ಕೈಲಾಗ್ದಿದ್ರೆ ಎತ್ತಿನ ಗಾಡಿ ಹೊಡಿ!"

"ಇನ್ ನಿನ್ ಅಂಗ್ಡಿ ಕಡೆ ತಲೆ ಹಾಕಲ್ಲ!"

"ಹಾಕ್ಬ್ಯಾಡ!"

ಅಷ್ಟು ದಿನದ 'ನೀವು' ಆ ಮಳೆಯಲ್ಲಿ 'ನೀನು' ಆಗಿತ್ತು. ಆಗಬಾರದ ಹೊತ್ತಲ್ಲಿ ಆಗಿತ್ತು.

* * *

ಮಾತಿಗೆ ಕಾಲು ಬರಲು ಎಷ್ಟು ಹೊತ್ತು? ಮೂರನೆಯ ದಿನ ಚಿನ್ನಸ್ವಾಮಿಯ ಲಾರಿ ಅಂಗಡಿ ಮುಂದೆ ನಿಲ್ಲದೆ ಹೋಯಿತು. ಅದರ ಹಿಂದೆ ಇನ್ನೆರಡು. ಟೀ ಅಂಗಡಿಯಲ್ಲಿ ಯಾರೋ "ಹೆಣ್ಮಗಳು ಕೊಟ್ಟ ಟೈರು..." ಅಂದದ್ದು, ಉಳಿದವರು ನಕ್ಕದ್ದು ಅವಳಿಗೆ ಕೇಳಿಸಿತು.

ಶ್ಯಾಮಲ ಅಳಲಿಲ್ಲ. ಉರಿದಳು. ಎರಡು ವರ್ಷ ಕೈ ಬೊಬ್ಬೆ ಬರಿಸಿಕೊಂಡು ಗಳಿಸಿದ ಹೆಸರು! ಅದನ್ನು ಕಳೆದವನು, ಸಂಜೆ ಬರುತ್ತೇನೆ ಅಂದವನೇ. ಅಂಚೆಟ್ಟಿಯ ಓಟ ಅವನಿಲ್ಲದೆ ಮುಗಿಯಿತು ಅಂತ ಕೇಳಿ "ಒಳ್ಳೇದಾಯ್ತು" ಅಂದಳು. ಆಮೇಲೆ ಊಟ ಸೇರಲಿಲ್ಲ.

ಎಂಟನೆಯ ದಿನ ಚಿನ್ನಸ್ವಾಮಿ ತಲೆ ಕೆರೆಯುತ್ತಾ ಬಂದ.

"ಅಮ್ಮಾ, ಮನಸ್ನಲ್ ಇಟ್ಕೋಬ್ಯಾಡ. ಆ ಕದಿರನೇ ಬಸ್ ಸ್ಟ್ಯಾಂಡಲ್ಲಿ ಎಲ್ಲಾರ್ ಮುಂದೆ ಹೇಳ್ಬುಟ್ಟ. ಟೈರ್ ತಪ್ಪಲ್ಲ, ವೇಗ ಜಾಸ್ತಿ ಆಯ್ತು, ನಂದೇ ತಪ್ಪು ಅಂತ. ನಮ್ ಲಾರಿಗೆ ಎರಡ್ ಟೈರ್ ನೋಡಮ್ಮ."

ಗೆದ್ದೆ! ಸಂತೋಷ ಆಗಬೇಕಿತ್ತು. ಆಗಲಿಲ್ಲ.

'ನಲವತ್ತೂ ದಾಟಿರ್ಲಿಲ್ಲ ಅಂತ ಊರೆಲ್ಲ ಕೇಳೋ ಹಾಗೆ ಕೂಗಿದವನು... ಈಗ ವೇಗ ಜಾಸ್ತಿ ಆಯ್ತು ಅಂತಾನಾ?'

ಗಾಳಿ ಅಳೆಯುವ ಗೇಜನ್ನು ಸೆರಗಲ್ಲಿ ಕಟ್ಟಿಕೊಂಡು ಹೊರಟಳು. ರಾಗಿ ಹೊಲದ ಬದುವಿನ ಮೇಲೆ ಕದಿರಪ್ಪನ ಹಳ್ಳಿಗೆ ಎರಡು ಮೈಲಿ ನಡೆದಳು.

"ಕದಿರ ಕೈಗೆ ಕಟ್ಟು ಹಾಕ್ಸಕ್ ಹೋಗವ್ನೆ. ಕೂತ್ಕೋ ಮಗ," ಅಂದಳು ಅವನ ತಾಯಿ ಪಾಪಮ್ಮ.

"ಕಾರ್ ನೋಡ್ಬೇಕು ಅಮ್ಮಾ."

ಹೊಂಗೆ ಮರದ ಕೆಳಗೆ ನಿಂತಿದ್ದ ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಗಾಳಿ ನೋಡಿದಳು. ಅವಳು ಹೇಳಿದಷ್ಟೇ, ಒಂದು ಗೆರೆಯೂ ಹೆಚ್ಚಿಲ್ಲ. ಟೈರಿನ ಸವೆತ ನೋಡಿದಳು. ನಾಲ್ಕೂ ಒಂದೇ ಸಮ. ಹಾರಿಸಿದ್ದರೆ ಅಂಚು ಹರಿದಿರುತ್ತಿತ್ತು. ಉಗುರು ಒತ್ತಿದಳು. ಇಳಿಯಿತು.

ಅವನದೂ ತಪ್ಪಿಲ್ಲ. ಟೈರಿನದೂ ತಪ್ಪಿಲ್ಲ. ಮತ್ತೆ?

ಟೈರಿನ ಗೆರೆಯೊಳಗೆ ಉಗುರು ಹಾಕಿ ಕೆರೆದಳು. ಅಂಟಂಟು ಮಣ್ಣು ಬಂತು. ಮೂಗಿನ ಹತ್ತಿರ ತಂದಳು...

ಹರಳೆಣ್ಣೆ!

ಶ್ಯಾಮಲ ಹಾಗೇ ನೆಲಕ್ಕೆ ಕೂತುಬಿಟ್ಟಳು. ಆಯುಧಪೂಜೆಗೆ ಟೈರು ಮಿರುಗಲಿ ಅಂತ ಹರಳೆಣ್ಣೆ ಸವರುವುದು ಆ ಹೆದ್ದಾರಿಯಲ್ಲಿ ಎಲ್ಲರಿಗೂ ರೂಢಿ. ಅಪ್ಪ ಪ್ರತಿ ವರ್ಷ ಸವರುತ್ತಿದ್ದ. ಪಕ್ಕಕ್ಕೆ ಮಾತ್ರ, ರಸ್ತೆ ಮುಟ್ಟುವ ಜಾಗಕ್ಕೆ ಒಂದು ಹನಿಯೂ ತಾಗಿಸುತ್ತಿರಲಿಲ್ಲ. ಆದರೆ ಅದು ಬಲಗೈ ಕೆಲಸ. ಈಗ ಇರುವುದು ನಡುಗುವ ಎಡಗೈ.

ಎರಡು ವರ್ಷದ ನಂತರ ಅಪ್ಪ ಎದ್ದು ನಿಂತು ಮಾಡಿದ ಒಂದೇ ಕೆಲಸ...

"ಯಾಕ್ ಬಂದೆ?"

ಕದಿರಪ್ಪ. ಕೈಗೆ ಕಟ್ಟು, ಗಡ್ಡ ಬೆಳೆದ ಮುಖ.

ಅವಳು ಉಗುರು ಮುಂದೆ ಹಿಡಿದಳು. "ನಿಂಗ್ ಗೊತ್ತಿತ್ತಾ?"

ಅವನು ತಲೆ ತಗ್ಗಿಸಿದ. "ಮೂರ್ನೇ ದಿನ ಚಕ್ರ ತೊಳೀವಾಗ ನೆನಪಾಯ್ತು. ಅವತ್ತು ನಿಮ್ಮಪ್ಪ ಎಣ್ಣೆ ಹಚ್ವಾಗ ನಾನ್ ಪಕ್ದಲ್ಲೇ ನಿಂತಿದ್ದೆ. 'ನನ್ ಮಗ್ಳು ಆರ್ಸಿದ್ದು, ಮಿರಮಿರ ಅನ್ಬೇಕು' ಅಂತಿದ್ರು. ಆ ಖುಷೀಲಿ ಹೆಂಗ್ ತಡೀಲಿ? ಹೊರಡೋವಾಗ ಒರೆಸ್ಕೊಂಡ್ ಹೋಗೋಣ ಅಂದ್ಕೊಂಡೆ. ಅಷ್ಟ್ರಲ್ ನೀನ್ ಆರತಿ ತಟ್ಟೆ ಹಿಡ್ಕೊಂಡ್ ಬಂದೆ... ಮರ್ತ್‌ಬುಟ್ಟೆ."

"ಅದ್ಕೆ ಬಸ್ ಸ್ಟ್ಯಾಂಡಲ್ ನಿಂತು ಸುಳ್ ಹೇಳಿದ್ಯಾ?"

"ನಿನ್ ಹೆಸ್ರು ಉಳೀಲಿ ಅಂತ..."

"ನನ್ ಹೆಸ್ರು ನಿನ್ ಸುಳ್ಳಿನ್ ಮೇಲ್ ನಿಲ್ಬೇಕಾ?" ಅವಳ ದನಿಗೆ ಹೊಂಗೆ ಮರದ ಕಾಗೆಗಳು ಎದ್ದುಹೋದವು. "ಅವತ್ತು ಎಲ್ಲಾರ್ ಮುಂದೆ ಬೈವಾಗ ನನ್ನ ಒಂದ್ ಮಾತ್ ಕೇಳಿದ್ಯಾ? ಈಗ ಎಲ್ಲಾರ್ ಮುಂದೆ ಕಾಪಾಡೋವಾಗ ಕೇಳಿದ್ಯಾ? ನನ್ ಟೈರು, ನನ್ ಅಂಗ್ಡಿ, ನನ್ ಹೆಸ್ರು... ಎರಡ್ ಸಲಾನೂ ನನ್ನೇ ಕೇಳ್ಲಿಲ್ಲ ನೀನು!"

ಅವಳು ಹಿಂತಿರುಗಿ ನೋಡದೆ ಹೊರಟಳು. ಬದುವಿನ ಮೇಲೆ ಬರುವಾಗ ಮಾತ್ರ ಕಣ್ಣೀರು ಧಾರೆಯಾಗಿ ಇಳಿಯಿತು. ಕೋಪದ್ದೋ, ಪ್ರೀತಿಯದ್ದೋ, ಅವಳಿಗೇ ತಿಳಿಯಲಿಲ್ಲ.

* * *

ಮರುದಿನ ಬೆಳಿಗ್ಗೆ ಟೀ ಅಂಗಡಿ ತುಂಬಿತ್ತು. ಶ್ಯಾಮಲ ರಸ್ತೆ ದಾಟಿ ಹೋಗಿ ನಡುವೆ ನಿಂತಳು. ಸುಮ್ಮನಿದ್ದರೆ ಹೆಸರು ಉಳಿಯುತ್ತದೆ. ಹೇಳಿದರೆ ಅಂಗಡಿಯೇ ಹೋಗಬಹುದು...

"ಎಲ್ರೂ ಕೇಳಿ. ಕದಿರಪ್ಪ ಹೇಳಿದ್ದು ಸುಳ್ಳು. ಅವನ್ ತಪ್ಪಲ್ಲ. ನಮ್ಮಂಗ್ಡೀಲಿ ಟೈರ್ ತಳಕ್ಕೆ ಎಣ್ಣೆ ತಾಗಿತ್ತು. ನೋಡಿ ಕಳಿಸ್ಬೇಕಾದೋಳು ನಾನು. ನೋಡ್ಲಿಲ್ಲ."

ರಸ್ತೆಯಾಚೆಯ ಕುರ್ಚಿಯಿಂದ ದನಿ ಬಂತು.

"ತಾಗ್ಲಿಲ್ಲ. ನಾನ್ ಹಚ್ದೆ ಕಣ್ರಲಾ."

ಮುತ್ತರಾಯಪ್ಪ ತನ್ನ ಎಡಗೈಯನ್ನು ಯಾರದೋ ಕೈ ನೋಡುವಂತೆ ನೋಡುತ್ತಿದ್ದ.

"ಪಕ್ಕಕ್ಕೇ ಹಚ್ತಾ ಇದೀನಿ ಅಂದ್ಕೊಂಡಿದ್ದೆ. ಕೈ ಮಾತ್ ಕೇಳ್ಲಿಲ್ಲ..."

ಶ್ಯಾಮಲ ಓಡಿಹೋಗಿ ಆ ಕೈಯನ್ನು ಮುಖಕ್ಕೆ ಒತ್ತಿಕೊಂಡಳು. "ನಿಂಗ್ ಕೆಲ್ಸ ಬೇಕು ಅಂತ ನನ್ ಹತ್ರ ಯಾಕಪ್ಪಾ ಹೇಳ್ಲಿಲ್ಲ? ಪಕ್ದಲ್ ನಿಂತು ಒರೆಸ್ತಿದ್ದೆ!"

ಎಲ್ಲರೂ ಮರಳಿ ಬಂದರು ಅಂತ ಬರೆದರೆ ಸುಳ್ಳಾಗುತ್ತದೆ. ಇಬ್ಬರು ಎದ್ದು ಹೋದವರು ಮತ್ತೆಂದೂ ಬರಲಿಲ್ಲ. ಆದರೆ ಚಿನ್ನಸ್ವಾಮಿ ಟೀ ಲೋಟ ಕೆಳಗಿಟ್ಟ.

"ಎಣ್ಣೆ ನಾನೂ ಹಚ್ತೀನಮ್ಮ ವರ್ಷಾ ವರ್ಷ. ಬಂದು ನಮ್ ಲಾರಿ ಚಕ್ರ ಒಂದ್ಸಲ ನೋಡ್ಬುಡು. ನೀನ್ ನೋಡ್ದೆ ಇನ್ ಹೊರಡಲ್ಲ."

ಟೀ ಅಂಗಡಿಯ ಕಂಬದ ಹಿಂದೆ ಕದಿರಪ್ಪ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಅವಳು ಅವನನ್ನು ನೋಡಿದಳು. ಚಿನ್ನಸ್ವಾಮಿಯ ಲಾರಿ ಕಡೆ ನಡೆದಳು.

* * *

ದೀಪಾವಳಿಯ ಬೆಳಿಗ್ಗೆ ಎಣ್ಣೆ ಸ್ನಾನ ಮಾಡಿ ಕೂದಲು ಒಣಗಿಸುತ್ತಿದ್ದಾಗ ಕೆಂಪು ಫಿಯೆಟ್ ತೆವಳುತ್ತಾ ಬಂತು. ಮಡ್‌ಗಾರ್ಡ್ ಇನ್ನೂ ಸೊಟ್ಟಗಿತ್ತು. ಕದಿರಪ್ಪ ಇಳಿದ. ಕೈಯಲ್ಲೊಂದು ದೊಡ್ಡ ಡಬ್ಬ.

"ಈ ಕಡೆ ತಲೆ ಹಾಕಲ್ಲ ಅಂದಿದ್ದೆ?"

"ತಲೆ ಹಾಕಿಲ್ಲ. ಟೈರ್ ಹಾಕಿದೀನಿ." ಡಬ್ಬ ಮುಂದೆ ಹಿಡಿದ. "ಸೀಗೇಪುಡಿ. ಟೈರಿಗೆ ಎಣ್ಣೆ ಹಚ್ಚಿದ್ದಾಯ್ತು. ನೀರು ಹುಯ್ಯೋದ್ ಬಾಕಿ. ಬರೀ ನೀರಲ್ ತೊಳೆದ್ರೆ ಗೆರೆ ಒಳಗಿಂದು ಹೋಗ್ತಿಲ್ಲ."

ನಗಬಾರದು ಅಂತ ಎಷ್ಟು ತುಟಿ ಕಚ್ಚಿದರೂ ನಗು ಬಂದೇಬಿಟ್ಟಿತು! ಆ ನಗುವಿನ ಮೇಲೂ ಅವಳಿಗೆ ಸಿಟ್ಟು.

ಇಬ್ಬರೂ ಕೂತು ನಾಲ್ಕು ಟೈರಿಗೂ ಬಿಸಿನೀರು, ಸೀಗೇಪುಡಿ ಹಾಕಿ ಉಜ್ಜಿದರು. "ಗೆರೆ ಒಳಗೆ ಉಜ್ಲಾ! ನಿಮ್ಮವ್ವ ನಿನ್ ತಲೆ ಹಿಂಗೇ ತೊಳೀತಿದ್ಲಾ?" ಅಂತ ಮುತ್ತರಾಯಪ್ಪ ಕುರ್ಚಿಯಿಂದ ಗದರುತ್ತಿದ್ದ. ಕೊನೆಯ ಚೊಂಬು ನೀರನ್ನು ಅವನೇ ಎಡಗೈಯಲ್ಲಿ ಹುಯ್ದ.

"ಬಾ, ಕೆರೆ ತಿರುವಿಗೆ ಹೋಗ್ ಬರೋಣ," ಅಂದ ಕದಿರಪ್ಪ. "ಬತ್ತೀಯಾ?"

ಶ್ಯಾಮಲ ಹತ್ತಿ ಕೂತಳು. ಟೈರು ಒಣಗಿ ಬಿಸಿಯಾಗಲಿ ಅಂತ ಎರಡು ಮೈಲಿ ಸುಮ್ಮನೆ ಓಡಿಸಿದ. ಆಮೇಲೆ ತಿರುವಿನ ಕಡೆ ತಿರುಗಿಸಿದ.

"ಮೂವತ್ತರಲ್ ಹೋಗ್ಲಾ?"

"ನಲವತ್ತರಲ್ ಹೋಗು. ನಾನ್ ಆರ್ಸಿದ್ ಟೈರು."

ತಿರುವು ಬಂತು. ಕಾರು ವಾಲಿತು. ನಾಲ್ಕು ಚಕ್ರವೂ ರಸ್ತೆಯನ್ನು ಕಚ್ಚಿ ಹಿಡಿದವು. ಆ ರಾಗಿ ಹೊಲ, ಆ ಬದುವಿನ ಕಲ್ಲು ಪಕ್ಕದಲ್ಲೇ ಹಾದುಹೋದವು.

ಕೆರೆ ಏರಿಯ ಮೇಲೆ ಅವನು ಕಾರು ನಿಲ್ಲಿಸಿದ.

"ಅವತ್ತು ಸಂಜೆ ಒಂದ್ ಮಾತ್ ಹೇಳ್ತೀನಿ ಅಂದಿದ್ದೆ."

"ಇಪ್ಪತ್ ದಿನ ಆಯ್ತು. ಕಾದು ಕಾದು ಮೈಯೆಲ್ಲ ಉರೀತಿದೆ."

"ಅಮ್ಮಂಗೆ ಹೇಳಿಲ್ಲ. ನಿಮ್ಮಪ್ಪಂಗೂ ಹೇಳಿಲ್ಲ. ಊರಲ್ ಯಾರಿಗೂ ಹೇಳಿಲ್ಲ. ಈ ಸಲ ಮೊದ್ಲು ನಿನ್ನೇ ಕೇಳ್ತಾ ಇದೀನಿ ಶ್ಯಾಮಲಾ..." ಅವನು ಸ್ಟೀರಿಂಗ್ ಬಿಟ್ಟು ಅವಳ ಕಡೆ ತಿರುಗಿದ. "ನನ್ನ ಮದ್ವೆ ಆಗ್ತೀಯಾ?"

ಅವಳು ಅವನ ಕೈ ಎಳೆದುಕೊಂಡಳು. ತನ್ನ ಹೆಬ್ಬೆರಳ ಉಗುರನ್ನು ಅವನ ಅಂಗೈಗೆ ಒತ್ತಿದಳು. ಸಣ್ಣ ಗೆರೆ ಮೂಡಿ, ನಿಧಾನವಾಗಿ ಮಾಯವಾಯಿತು.

"ಏನು, ಪಾಸಾ?"

"ಮೆತ್ತಗಿದೆ. ಇನ್ಮೇಲೆ ಸುಳ್ ಹೇಳಿದ್ರೆ ನೋಡು!"

"ಹೇಳಲ್ಲ. ಒಪ್ಕೊಂಡ್ಯಾ ಅಂತ ಹೇಳು."

"ಒಪ್ಪದೇ ಇದ್ರೆ ಕೈ ಬಿಡ್ತಿದ್ದೆ ಕಣೋ, ಪೆದ್ದ! ನಡಿ, ಮೆತ್ತಗೆ ಓಡ್ಸು... ಅಪ್ಪ ಕಾಯ್ತಿರ್ತಾನೆ."